ಹೆಸರು, ಊರು ಕೇಳಿ ಎಲೆ ಕೊಡುವ ಅಶ್ವತ್ಥಮ್ಮ

ಈ ಸಂಗತಿಯನ್ನು ಮೊದಲು ಹೇಳಿದವರು ಪೀಣ್ಯದ ಲೇತ್ ಕಾರ್ಮಿಕ ನರಸಪ್ಪ. 2012ರ ಕಾರ್ತಿಕದ ಒಂದು ಸಂಜೆ, ಅಶ್ವತ್ಥಮ್ಮನವರ ಮನೆಯ ಜಗಲಿಯಲ್ಲಿ. ಪಕ್ಕದಲ್ಲೇ ನೆರೆಹೊರೆಯವರೊಂದಿಗೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ಅಶ್ವತ್ಥಮ್ಮ, ನರಸಪ್ಪ ತಪ್ಪಿದಲ್ಲೆಲ್ಲ ತಿದ್ದಿದರು. ತಿದ್ದಿದ್ದನ್ನೂ ಸೇರಿಸಿ ಕಥೆ ಹೀಗಿದೆ.

ಬೆಳಕು ಹರಿಯುವ ಮುನ್ನ ಪೀಣ್ಯ ಒಂದು ಗಳಿಗೆ ಮತ್ತೆ ಹಳ್ಳಿಯಾಗುತ್ತದೆ. ರಾತ್ರಿ ಪಾಳಿಯ ಯಂತ್ರಗಳು ನಿಂತು ಬೆಳಗಿನವು ಇನ್ನೂ ಏಳದ ಆ ಹೊತ್ತಿನಲ್ಲಿ ಮಂಜು ತಗಡಿನ ಮಾಡುಗಳಿಂದ ಮೆಲ್ಲನೆ ಜಾರಿ ಬಂದು ಕಾದ ಕಬ್ಬಿಣದ ವಾಸನೆಯನ್ನು ಹೊದಿಸಿ ಮಲಗಿಸುತ್ತದೆ. ಅಶ್ವತ್ಥಮ್ಮ ಹಿತ್ತಿಲಲ್ಲಿ ಬಗ್ಗಿ ದೊಡ್ಡಪತ್ರೆ ಕೊಯ್ಯುತ್ತಾರೆ. ಬೇಲಿಗೆ ಆಡುಸೋಗೆ, ನೀರಿನ ಟ್ಯಾಂಕಿನ ಕಂಬಕ್ಕೆ ಅಮೃತಬಳ್ಳಿ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಬಾಡಿಗೆ ಕೋಣೆಗಳ ಸಾಲಾಗಿ, ಉಳಿದ ಈ ತುಂಡು ಮಣ್ಣೇ ಅವರ ಔಷಧಿ ಅಂಗಡಿ.

ಗೇಟಿನಾಚೆ ಜನ ಬಂದು ನಿಲ್ಲುತ್ತಾರೆ. ಕಟ್ಟಿದ ಮೂಗು, ಕೆರೆಯುವ ಗಂಟಲು, ಬಿಡದ ಕೆಮ್ಮು. ಅತ್ತೆ ಚನ್ನಕ್ಕ ಬಿಟ್ಟುಹೋದ ಕಟ್ಟಳೆಯೊಂದಿದೆ: ಎಲೆ ಬೇಕಾದವರು ತಮ್ಮ ಹೆಸರನ್ನೂ ಊರನ್ನೂ ಗಟ್ಟಿಯಾಗಿ ಹೇಳಬೇಕು. ಮಂಜಿನಲ್ಲಿ ಮುಖಗಳು ಕಾಣುವುದಿಲ್ಲ. ಅಶ್ವತ್ಥಮ್ಮ ಕಣ್ಣು ಮುಚ್ಚಿ ಕೇಳುತ್ತಾರೆ. ಸುರಪುರ, ಹುನಗುಂದ, ಮಾನ್ವಿ. ಒಂದೊಂದು ದನಿಯ ಹಿಂದೆಯೂ ಅದರ ಊರು ನಡೆದು ಬಂದು ಗೇಟಿಗೆ ಒರಗಿ ನಿಂತಂತೆ ಅವರಿಗೆ ಅನಿಸುತ್ತದೆ.

"ನಾನು ತುಮಕೂರು ದಾಟಿದೋಳಲ್ಲ. ಆದ್ರೂ ಅವರೂರೆಲ್ಲ ಕನಸಲ್ಲಿ ಬರ್ತವೆ. ಕಪ್ಪು ಮಣ್ಣು, ಜೋಳದ ತೆನೆ. ಎದ್ದಾಗ ಕಾಲಿಗೆ ಮಣ್ಣು ಮೆತ್ತಿರಬೇಕು ಅನ್ನೋ ಅಂಗೆ" ಎನ್ನುತ್ತಾರೆ.

ಇನ್ನೊಂದು ಕಟ್ಟಳೆ ಅವರದೇ. ಒಂದು ಗಂಟಲಿಗೆ ಎಲೆ ಮುಂದಿನ ಹುಣ್ಣಿಮೆಯವರೆಗೆ ಮಾತ್ರ. ಅಷ್ಟರಲ್ಲಿ ದನಿ ತಿಳಿಯಾಗದಿದ್ದರೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ, ಮೂಗಿನಿಂದ ರಕ್ತ ಬಂದರೆ ಎಲೆ ಇಲ್ಲ. "ಒಳಗಿರೋದು ಬಾವೋ ಗಡ್ಡೆಯೋ ನಂಗೇನು ಗೊತ್ತು? ಅದಕ್ಕೆ ಓದಿರೋರು ಇದಾರೆ."

ಹಿಂದಿನ ವರ್ಷ ಶ್ರಾವಣ ಕಳೆದ ಮೇಲಿನ ಮಾತು. ಸಾಲಿನ ಕೊನೆಯ ಕೋಣೆಯಲ್ಲಿ ಲಿಂಗಸುಗೂರಿನ ಬಸಲಿಂಗ, ಹೊಳೆವ್ವ ದಂಪತಿ. ಗೋಡೌನಿಗೆ ಹಿಮ್ಮುಖವಾಗಿ ಬರುವ ಲಾರಿಗಳಿಗೆ ಕೂಗಿ ದಾರಿ ಹೇಳುವುದು ಬಸಲಿಂಗನ ಕೆಲಸ. ದನಿ ಒಡೆದಿದೆ, ಎಲೆ ತಿಂದಿದ್ದಾನೆ, ಹುಣ್ಣಿಮೆ ಕಳೆದಿದೆ. ತಾನೇ ಹೋದರೆ ಅಜ್ಜಿ ಆಸ್ಪತ್ರೆ ಎನ್ನುತ್ತಾರೆಂದು ಹೆದರಿ ಹೆಂಡತಿಯನ್ನು ಕಳಿಸುತ್ತಾನೆ.

"ಹೆಸರೇಳವ್ವ."

ಮಂಜಿನೊಳಗೆ ಹೊಳೆವ್ವನ ದನಿ, "ಬಸಲಿಂಗ. ಲಿಂಗಸುಗೂರು."

ಅಶ್ವತ್ಥಮ್ಮ ಕಣ್ಣು ತೆರೆಯುತ್ತಾರೆ. ಆ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವುದಿಲ್ಲ. ಮದುವೆ ಮುಂಜಿಗಳಲ್ಲಿ ಒಡಪು ಎಂಬ ಪ್ರಾಸದ ಪದ್ಯದೊಳಗೆ ಕಟ್ಟಿ ನಾಚುತ್ತ ಹೇಳುತ್ತಾಳೆ. ಹೊಳೆವ್ವನ ಬಾಯಲ್ಲಿ ಆತ ಎಂದೂ 'ನಮ್ಮನಿಯವರು' ಮಾತ್ರ.

"ಹೆಸರೇ ಹೇಳ್ಬಿಟ್ಯಲ್ಲ ಹೊಳೆವ್ವ. ಅಷ್ಟು ಕೆಟ್ಟೋಗಿದ್ಯಾ?"

"ಮಾತ ಇಲ್ರಿ ಯವ್ವಾ. ಬರೇ ಗಾಳಿ ಬರತೈತಿ. ಎಲಿ ಕೊಡ್ರಿ."

"ಎಲೆ ಇಲ್ಲ. ಆಸ್ಪತ್ರೆಗೆ ಹೊರಡೋಕೇಳು."

ಕೋಣೆಯೊಳಗೆ ಬಸಲಿಂಗ ಆ ಗಾಳಿದನಿಯಲ್ಲೇ ಜಗಳಕ್ಕಿಳಿಯುತ್ತಾನೆ. "ಎಲಿ ಕೈಯಾಗ ಹಿಡ್ಕೊಂಡು ಇಲ್ಲ ಅಂತೀರಿ. ದವಾಖಾನಿಗೆ ಹ್ವಾದರ ಗಂಟಲಾ ಕೊಯ್ತಾರ. ಕೂಗಾಕ ಬರದಾಂವಗ ಯಾರ ಕೆಲಸಾ ಕೊಡ್ತಾರ?"

ಬೀದಿಯಲ್ಲಿ ಸೊಪ್ಪಿನ ಗಾಡಿಯ ಚಿಕ್ಕಬೈರಪ್ಪ ನಗುತ್ತಾನೆ. "ಅಜ್ಜಿ ಕೈಗುಣ ಹೋಯ್ತು ಕಣ್ರೀ. ಈಗ ಡಾಕ್ಟ್ರ ಏಜೆಂಟು."

"ಊಂ ಕಣಪ್ಪ. ನಿನ್ನ ಗೊರಕೆಗೂ ಒಂದಿನ ಕರ್ಕೊಂಡೋಗ್ತೀನಿ, ಇರು" ಎಂದು ಅಶ್ವತ್ಥಮ್ಮ ಬಸಲಿಂಗನ ತೋಳು ಹಿಡಿದು ಬಸ್ಸು ಹತ್ತಿಸುತ್ತಾರೆ.

ಸರ್ಕಾರಿ ಆಸ್ಪತ್ರೆಯ ವೈದ್ಯೆ ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಧ್ವನಿತಂತುವಿನ ಮೇಲೊಂದು ಗಡ್ಡೆ. ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಫಲಿತಾಂಶ ಬರುವವರೆಗೂ ಅಶ್ವತ್ಥಮ್ಮನವರ ಕನಸಿನಲ್ಲಿ ಲಿಂಗಸುಗೂರು ಬರುತ್ತದೆ. ಜನ ಬಾಯಿ ತೆರೆದು ಮಾತಾಡುತ್ತಾರೆ, ಸದ್ದು ಮಾತ್ರ ಹೊರಡುವುದಿಲ್ಲ.

ಅದು ಕ್ಯಾನ್ಸರೇ. ಆದರೆ ಚಿಕ್ಕದು, ಎಲ್ಲಿಗೂ ಹರಡಿಲ್ಲ. ಕೊಯ್ಯುವ ಬದಲು ವಿಕಿರಣ ಚಿಕಿತ್ಸೆ ಸಾಕು, ದನಿ ಬಹುಮಟ್ಟಿಗೆ ಉಳಿಯಬಹುದು ಎನ್ನುತ್ತಾರೆ ವೈದ್ಯೆ. ಉರಿಯುವ ಗಂಟಲಿಗೆ ಎಲೆಯ ರಸ ಕೊಡಬಹುದೇ ಎಂದು ಅಶ್ವತ್ಥಮ್ಮ ಬಾಗಿಲಲ್ಲೇ ನಿಂತು ಕೇಳುತ್ತಾರೆ. "ಸದ್ಯಕ್ಕೆ ಬೇಡಮ್ಮ." ಚಿಕಿತ್ಸೆ ಮುಗಿಯುವವರೆಗೂ ಕೊನೆಯ ಕೋಣೆಗೆ ಅವರ ಮನೆಯಿಂದ ಹೋಗುವುದು ತಣ್ಣಗಿನ ಗಂಜಿ ಮಾತ್ರ.

ಇಲ್ಲಿಗೆ ನರಸಪ್ಪ ಕಥೆ ಮುಗಿಸುತ್ತಾರೆ. ಎಲೆ ಕೇಳಿ ಬರುವವರು ಕಡಿಮೆಯಾದರೇ ಎಂದು ಜಗಲಿಯಲ್ಲಿ ಯಾರೋ ಕೇಳಿದರೆ ಅಶ್ವತ್ಥಮ್ಮ ತಲೆದೂಗುತ್ತಾರೆ. "ಆದ್ರು. ಆಗ್ಲಿ ಬಿಡಿ. ನಾನು ಇಲ್ಲ ಅಂದಾಗ ಮುನಿಸ್ಕೊಂಡು ಇನ್ನೊಬ್ಬರತ್ರ ಎಲೆಗೆ ಹೋಗ್ದೆ ಬಸ್ ಹತ್ತಲಿ. ನಂಗೆ ಅಷ್ಟೇ ಆಸೆ."

ಬೀದಿಯ ತುದಿಯಲ್ಲಿ ಲಾರಿಯೊಂದು ಹಿಂದಕ್ಕೆ ಸರಿಯುತ್ತಿದೆ. "ಬರ್ಲಿ, ಬರ್ಲಿ, ಎಡಕ್ಕ ತಗೋ." ಮರಳು ಜಾರಿದಂಥ ದನಿ, ಆದರೆ ಇಂಜಿನ್ನಿನ ಸದ್ದನ್ನು ದಾಟಿ ಜಗಲಿಯವರೆಗೂ ಬರುತ್ತದೆ. ಕೇಳುತ್ತ ಎಲ್ಲರ ಕೈಯೂ ನಿಂತಿದೆ.

"ಸಾಕು, ನಿಲ್ಸು."

ಲಾರಿ ನಿಲ್ಲುತ್ತದೆ. ಜಗಲಿಯ ಜನ ಮಡಿಲಿನ ಸಿಪ್ಪೆ ಕೊಡವಿ ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಒಬ್ಬೊಬ್ಬರಾಗಿ ಮನೆ ಕಡೆ ಹೊರಡುತ್ತಾರೆ.