ನೀರ ಮೇಲಿನ ಮೆಂತ್ಯ

ಚಿಂತೆ ಮಾಡಲು ನನಗೆ ಕಾರಣ ಬೇಕಾಗುವುದಿಲ್ಲ. ಮೋಡ ಬಂದರೆ ಮನೆ ಸೋರೀತೆಂದೂ ಬಾರದಿದ್ದರೆ ಬಾವಿ ಬತ್ತೀತೆಂದೂ ಒಂದೇ ಆಕಾಶ ನೋಡಿ ಎರಡು ಚಿಂತೆ ಮಾಡಬಲ್ಲೆ. ಇಂಥ ನಾನು ಈ ಬೇಸಿಗೆಯಲ್ಲಿ ಹಿಡಿ ಹಿಡಿಯಾಗಿ ಹೊಸ ಚಿಂತೆಗಳನ್ನು ತಂದು ಕೈಯಾರೆ ನೀರಿನಲ್ಲಿ ಬಿತ್ತಿಕೊಂಡೆ. ಅವುಗಳ ಹೆಸರು ಮೆಂತ್ಯ.

ಅವ್ವನಿಗೆ ಜ್ವರ ಬಂದಿತ್ತು. ಅದು ಹೋಗುವಾಗ ಬಾಯಿರುಚಿಯನ್ನೂ ಕರೆದುಕೊಂಡು ಹೋಯಿತು. ರೊಟ್ಟಿ ತಂದರೆ ಮುಖ ತಿರುಗಿಸುವಳು, ಗಂಜಿ ತಂದರೆ ಕಣ್ಣು ಮುಚ್ಚುವಳು. ಉಟ್ಟ ಸೀರೆಯೇ ಅವಳಿಗಿಂತ ಭಾರವೇನೋ ಎಂಬಂತೆ ಕರಗಿದ್ದಳು. ಡಾಕ್ಟರರು ಚೀಲ ಮುಚ್ಚುತ್ತ, "ನನ್ನ ಔಷಧಾ ಮುಗೀತ್ರಿ ಮಾಸ್ತರ. ಇನ್ನ ಹೊಟ್ಟಿಗಿ ಹಿಡಿ ಕೂಳು ಹೋದ್ರ ಉಳಿದಾರು" ಎಂದರು. ಅವ್ವ ಬಾಯಿಬಿಟ್ಟು ಕೇಳಿದ್ದು ಒಂದೇ: "ಎಳೀ ಮೆಂತ್ಯಾ ಇದ್ರ ಒಂದ ತುತ್ತ ಇಳೀತಿತ್ತೇನೋ."

ಬಿಸಿ ರೊಟ್ಟಿಯ ಜೊತೆ ಹಸಿ ಮೆಂತ್ಯದ ಎಳೆ ಎಲೆ ಕಡಿದುಕೊಂಡು ತಿನ್ನುವುದು ನಮ್ಮ ಕಡೆಯವರಿಗೆ ಹುಟ್ಟುಗುಣ. ಆದರೆ ವೈಶಾಖದ ಉರಿಯಲ್ಲಿ ಮೆಂತ್ಯ ಎಲ್ಲಿಂದ ಬರಬೇಕು? ಧಾರವಾಡದ ನಮ್ಮ ಮಾಳಮಡ್ಡಿಗೆ ಬರುವ ಕಾಯಿಪಲ್ಯದವಳ ಬುಟ್ಟಿಯಲ್ಲಿ ಬದನೆಕಾಯಿ ಬಿಟ್ಟರೆ ಗಾಳಿ. ನಾವೇ ಬೆಳೆಯೋಣವೆಂದರೆ ಬಾಡಿಗೆ ಮನೆಯ ಅಂಗಳಕ್ಕೆಲ್ಲ ಕಲ್ಲು ಹಾಸಿದ್ದಾರೆ. ಹಿಡಿ ಮಣ್ಣು ಬೇಕೆಂದರೂ ನೆರೆಯವರನ್ನು ಕೇಳಬೇಕು.

ಆಗ ಪತ್ರಿಕೆಯೊಂದರಲ್ಲಿ ಓದಿದೆ: ಈಗಿನ ಲಡಾಯಿಯಲ್ಲಿ ಯಾವುದೋ ಬಂಡೆಗಲ್ಲಿನ ನಡುಗಡ್ಡೆಯಲ್ಲಿರುವ ಸಿಪಾಯಿಗಳು ಮಣ್ಣೇ ಇಲ್ಲದೆ, ಆಳವಿಲ್ಲದ ತೊಟ್ಟಿಗಳ ನೀರಿನಲ್ಲಿ ಕಾಯಿಪಲ್ಯ ಬೆಳೆದು ಉಣ್ಣುತ್ತಿದ್ದಾರಂತೆ. ಕೈ ಕೆಸರಾದರೆ ಬಾಯಿ ಮೊಸರು ಎಂದ ನಮ್ಮ ಹಿರಿಯರಿಗೆ ಕೆಸರೇ ಇಲ್ಲದ ಬೇಸಾಯದ ಕಲ್ಪನೆ ಇರಲಿಲ್ಲ. ಕೆಸರಿಲ್ಲದಿದ್ದರೆ ಮೊಸರಿನ ಗತಿಯೇನು ಎಂದು ಅವರು ಹೇಳಿ ಹೋಗಲೂ ಇಲ್ಲ.

ನೀರಿಗೆ ಕೆಲವು ಉಪ್ಪುಗಳನ್ನು ಬೆರೆಸಬೇಕೆಂದು ಬರೆದಿತ್ತು. ಹುಬ್ಬಳ್ಳಿಗೆ ಹೋಗಿ ದುರ್ಗದಬೈಲಿನ ಔಷಧದ ಅಂಗಡಿಯಲ್ಲಿ ಕೇಳಿದೆ. ಮೊದಲನೆಯದು ಭೇದಿಯಾಗಲೆಂದು ಕೊಡುವ ಉಪ್ಪು. ಅಂಗಡಿಯವನು ಕನಿಕರದಿಂದ, "ಯಾರಿಗ್ರಿ ಮಾಸ್ತರ, ಹೊಟ್ಟಿ ಕಟ್ಟೈತಿ?" ಎಂದ.

"ಮೆಂತ್ಯಾಕ್ಕ" ಎಂದೆ.

ಎರಡನೆಯದು ಪೆಟ್ಲುಪ್ಪು, ಮದ್ದುಗುಂಡಿಗೆ ಬಳಸುವಂಥದು. ಲಡಾಯಿಯ ಕಾಲದಲ್ಲಿ ಅದನ್ನು ಕೇಳುವವನನ್ನು ಜನ ಎರಡು ಸಲ ನೋಡುತ್ತಾರೆ. ಮೆಂತ್ಯಕ್ಕೆ ಎಂದು ಮತ್ತೆ ಹೇಳುವ ಧೈರ್ಯವಾಗಲಿಲ್ಲ. ಪೊಟ್ಟಣ ಕಟ್ಟಿಸಿಕೊಂಡು ಧಾರವಾಡ ತಲುಪುವವರೆಗೂ ಪೋಲೀಸರು ಹಿಂದೆ ಬರುತ್ತಿದ್ದಾರೆಂದೇ ಭಾವಿಸಿದ್ದೆ.

ತಾಟಿನಲ್ಲಿ ಎರಡು ಬೆರಳು ನೀರು, ಮೇಲೆ ಬಿದಿರು ಕಡ್ಡಿಗಳ ಹಂದರ, ಅದರ ಮೇಲೆ ನೀರು ತಾಕುವಂತೆ ಹಳೆಯ ಧೋತರದ ಚೂರು, ಚೂರಿನ ಮೇಲೆ ಕಾಳು: ಇಷ್ಟೇ ವಿದ್ಯೆ. ಒಂದು ತಾಟು ಕೆಟ್ಟರೆ ಇನ್ನೊಂದಿರಲೆಂದು ಎರಡು ಹೂಡಿದೆ. ಎರಡೂ ಕೆಟ್ಟರೆ ಎಂಬ ಚಿಂತೆಯಿಂದ ನಾಲ್ಕಾದವು. ಹರಿವಾಣ, ಪರಾತ, ಡಬ್ಬಿಯ ಮುಚ್ಚಳ, ಮನೆಯಲ್ಲಿ ಅಗಲವಾಗಿ ಕಂಡದ್ದೆಲ್ಲ ಹೊಲವಾಯಿತು. ಹೆಂಡತಿ ಹಿಟ್ಟಿನ ಡಬ್ಬಿ ಹಿಡಿದು ಪಡಸಾಲೆಗೆ ಬಂದು, "ಪರಾತ ನಿಮ್ಮ ಹೊಲಕ್ಕ ಹೋತು. ಹಿಟ್ಟ ಎದರಾಗ ನಾದ್ಲಿ? ನಿಮ್ಮ ತಲಿಮ್ಯಾಲ ನಾದ್ಲೇನ್ರಿ?" ಎಂದಳು. ನನ್ನ ತಲೆ ಪರಾತದಷ್ಟು ನುಣುಪಾಗಿ ವರ್ಷಗಳಾಗಿವೆ, ಟೋಪಿ ಹಾಕಿಕೊಂಡೆ.

ನೀರಿಗೆ ಮಟ್ಟ ಬೇಕು ಎಂಬುದು ಆಮೇಲೆ ತಿಳಿಯಿತು. ಭೂಮಿ ಗುಂಡಗಿದೆಯೆಂದು ಸಾಲೆಯಲ್ಲಿ ಇಷ್ಟು ವರ್ಷ ಭೂಗೋಳ ಕಲಿಸಿದವನಿಗೆ ತನ್ನ ಮನೆಯ ನೆಲ ಇಳಿಜಾರಾಗಿರುವುದು ಗೊತ್ತಿರಲಿಲ್ಲ. ಪ್ರತಿ ತಾಟಿನಲ್ಲೂ ಪಡುವಣದ ಮೆಂತ್ಯ ಮುಳುಗಿ ಕೊಳೆಯಿತು, ಮೂಡಣದ್ದು ಒಣಗಿ ಸುರುಟಿತು. ನಡುವೆ ಮಾತ್ರ ಒಂದು ಹಸಿರು ಗೆರೆ, ನಕಾಶೆಯ ಮೇಲಿನ ಸರಹದ್ದಿನ ಹಾಗೆ. ತಾಟಿನ ಅಡಿಗೆ ಹೆಂಚಿನ ಚೂರು, ರಟ್ಟು, ಕೊನೆಗೆ ಹುಡುಗರ ಉತ್ತರಪತ್ರಿಕೆಗಳನ್ನೂ ಮಡಚಿ ಇಟ್ಟೆ. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಇಳಿಯುವುದು.

ಇನ್ನು ಧಾರವಾಡದ ಮಂಗಗಳು. ಬಿಸಿಲಿಗೆಂದು ಅಂಗಳದಲ್ಲಿಟ್ಟ ತಾಟಿಗೆ ಹೆಂಚಿನ ಮೇಲಿಂದ ಇಳಿದು ಬಂದ ಗಡವವೊಂದು ಧೋತರದ ಚೂರನ್ನು ಕಿತ್ತು ಹೆಗಲಿಗೆ ಹಾಕಿಕೊಂಡು, ಬಗ್ಗಿ ಆ ನೀರನ್ನು ಕುಡಿದೇ ಹೋಯಿತು. ಭೇದಿಯ ಉಪ್ಪಿನ ನೀರು. ಸಂಜೆ ಅದರ ಗತಿ ಏನಾಯಿತೋ ಎಂಬ ಚಿಂತೆಯೂ ನನ್ನ ಪಾಲಿಗೇ ಬಂತು.

ಅವ್ವ ಹಾಸಿಗೆಯಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಹೊಲದಾಗ ದುಡಿ ಅಂದ್ರ ಸಾಲಿಗಿ ಓಡಿದಿ. ಈಗ ತಾಟಿನ್ಯಾಗ ಒಕ್ಕಲತನ ಮಾಡಾಕತ್ತಿ" ಎಂದು ಗೋಡೆಗೆ ಹೇಳುವಳು. ಭೇದಿಯ ಉಪ್ಪಿನ ವಿಷಯ ಸೊಸೆಯಿಂದ ತಿಳಿದ ದಿನವಂತೂ, "ಜುಲಾಬ ಕುಡದ ಮೆಂತ್ಯಾ ನನಗ ತಿನಿಸಿ ಕಳಿಸ್ಬೇಕಂತ ಮಾಡೀಯೇನೋ ಬಸಣ್ಣಾ?" ಎಂದಳು. ಆದರೆ ಅಂದೂ ಉಣ್ಣಲಿಲ್ಲ. ಮೆಂತ್ಯ ಎರಡೆಲೆಗೆ ನಿಂತಿತ್ತು. ಅದು ಬೆಳೆಯುವವರೆಗೆ ಅವ್ವನಿಗೆ ಪುರುಸೊತ್ತಿದೆಯೋ ಇಲ್ಲವೋ ಎಂದು ನಾನು ತಾಟಿನಿಂದ ಹಾಸಿಗೆಗೆ, ಹಾಸಿಗೆಯಿಂದ ತಾಟಿಗೆ ಓಡಾಡಿದೆ.

ಕೊನೆಗೊಂದು ಹೊಸ ಬಿತ್ತನೆಗೆ ಪಾತ್ರೆ ಹುಡುಕಿದಾಗ ಗೋಡೆಯ ಗೂಡಿನಲ್ಲಿ ಅವ್ವನ ತಾಟು ಕಂಡಿತು. ಅದು ಅವಳೊಬ್ಬಳದು. ಉಂಡ ಮೇಲೆ ಒಂದು ಅಗುಳೂ ಹೋಗದಂತೆ ತೊಳೆದು, ಆ ನೀರನ್ನೂ ಪ್ರಸಾದವೆಂದು ಕುಡಿದು, ತಾನೇ ಒರೆಸಿ ಇಡುತ್ತಿದ್ದಳು. ಈಗ ಉಣ್ಣುತ್ತಿರಲಿಲ್ಲವಲ್ಲ, ತಾಟು ಖಾಲಿ ಇತ್ತು. ಬಿದಿರು ಕಡ್ಡಿ ಜೋಡಿಸಿ ಬಟ್ಟೆ ಹಾಸಿದೆ.

ಹಿಂದೆ ಸದ್ದಾಯಿತು. ಅವ್ವ ಗೋಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನನ್ನ ತಾಟ ಯಾಕ ತಗೊಂಡಿ?"

"ನೀ ಹೆಂಗೂ ಉಣ್ಣಾಕತ್ತಿಲ್ಲಲ್ಲಬೇ..."

"ಉಣ್ಣಂಗಿಲ್ಲಂತ ನಿನಗ ಯಾರ ಹೇಳ್ಯಾರ? ನಾ ಇನ್ನೂ ಇದ್ದೇನಿ. ತಾ ಇಲ್ಲಿ."

ಬಟ್ಟೆ, ಕಡ್ಡಿ, ಕಾಳು ಎಲ್ಲವನ್ನೂ ನನ್ನ ಕಾಲ ಮೇಲೆ ಸುರುವಿ, ತಾಟು ತೊಳೆದುಕೊಂಡು ಒಲೆಯ ಮುಂದೆ ಹೋಗಿ ಕೂತಳು. ತಾಟು ಕೇಳಿ ತಂದ ಮೇಲೆ ಖಾಲಿ ಇಟ್ಟುಕೊಂಡು ಕೂಡುವುದು ಹೇಗೆ? ಸೊಸೆ ಬಿಸಿ ರೊಟ್ಟಿ ಹಾಕಿದಳು. ಅವ್ವ ನನ್ನ ಒಂದೊಂದು ಅವಗುಣಕ್ಕೆ ಒಂದೊಂದು ತುತ್ತು ಮುರಿದಳು. ಅರ್ಧ ರೊಟ್ಟಿ ಆಯಿತು. ನನ್ನ ಅವಗುಣಗಳು ಇನ್ನೂ ಉಳಿದಿದ್ದವು, ಉಳಿದರ್ಧವೂ ಆಯಿತು. ನಡುವೆ ನಾನು ನಾಲ್ಕು ಮೆಂತ್ಯದ ಎಲೆ ತಂದು ಅಂಚಿಗಿಟ್ಟೆ. ಬಾಯಿಗೆ ಹಾಕಿಕೊಂಡು, "ಇದಕ್ಕ ಕಹೀನ ಇಲ್ಲ" ಎಂದು ಬದಿಗೆ ಸರಿಸಿದಳು. ತಾಟು ತೊಳೆದು ನೀರು ಕುಡಿದು ಹೋಗಿ ಮಲಗಿದಳು.

ರುಚಿ ನಾಲಿಗೆಯಲ್ಲಿರುತ್ತದೆಂದು ತಿಳಿದಿದ್ದೆ. ಕೆಲವರಿಗೆ ಅದು ಹಕ್ಕಿನಲ್ಲಿರುತ್ತದೆ. ಇದು ಹೊಳೆದು ಸಮಾಧಾನವಾಗುವಷ್ಟರಲ್ಲೇ ಮುಂದಿನ ಚಿಂತೆ ಬಂತು: ನಾಳೆ ಅವಳಿಗೆ ಸಿಟ್ಟು ಬರಿಸುವುದು ಹೇಗೆ?

ಮರುದಿನ ಊಟದ ಹೊತ್ತಿಗೆ ಹೆಂಡತಿ ಹಿಟ್ಟು ನಾದುತ್ತ ಸಣ್ಣಗೆ, "ಇವತ್ತ ಏನ ಕಸಗೋತೀರಿ?" ಎಂದು ಕೇಳಿದಳು. ನಾನು ಹೋಗಿ ಅವ್ವನ ಕಾಲಬುಡದ ಕಂಬಳಿಯನ್ನು ಎತ್ತಿ ಬಗಲಲ್ಲಿಟ್ಟುಕೊಂಡು ಹೊರಟೆ.

"ಅದನ್ನ ಎಲ್ಲಿಗಿ ಒಯ್ತೀಯೋ?" ಎಂದು ಅವ್ವ ಎದ್ದು ಕೂತಳು. ಒಳಗೆ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು.