ಪಾಸಿರ್ ರಿಸ್‌ನ ಶುಕ್ರವಾರದ ಅಂಕಲ್

ಮಗಳಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ ವಾರವೇ ಅವಳು ಒಂದು ಕಾರನ್ನು ಬಾಡಿಗೆಗೆ ತಂದು, ನನ್ನನ್ನೂ ಅವಳಪ್ಪನನ್ನೂ ಕೂರಿಸಿಕೊಂಡು, ಇದು ರೋಡ್ ಟ್ರಿಪ್ ಎಂದಳು. ಸಿಂಗಾಪುರದಲ್ಲಿ ಯಾವ ಕಡೆ ಹೊರಟರೂ ಗಂಟೆಯೊಳಗೆ ಸಮುದ್ರ ಅಡ್ಡ ಬರುತ್ತದೆ. ಆದರೂ ಅವಳು ಚಕ್ಕುಲಿ, ನೀರಿನ ಬಾಟಲಿ, ಹಾಸಲು ಚಾಪೆ ಎಲ್ಲ ತುಂಬಿದ್ದಳು. ಬ್ಯೂನಾ ವಿಸ್ಟಾದ ನಮ್ಮ ಕಾಂಡೊದಿಂದ ಹೊರಟು, ಸಾಧ್ಯವಾದಷ್ಟು ಸುತ್ತು ಹಾಕಿಕೊಂಡು ಪಾಸಿರ್ ರಿಸ್ ತಲುಪುವ ಹೊತ್ತಿಗೆ ಚಕ್ಕುಲಿ ಮುಗಿದು, ಮೂವರಿಗೂ ಹಸಿವಾಗಿತ್ತು.

"ಇಲ್ಲೊಂದು ಹಳೇ ಟಿಕಿ ಬಾರ್ ಇದೆ. ನನ್ನ ಫ್ರೆಂಡ್ಸ್ ಎಲ್ಲ ಫೋಟೋ ಹಾಕ್ತಾರೆ. ಅಲ್ಲೇ ತಿನ್ನೋಣ" ಎಂದಳು ಮಗಳು.

"ಬಾರಿಗೆ ನಾನ್ಯಾಕೆ?" ಎಂದೆ.

"ಜ್ಯೂಸೂ ಇರುತ್ತಮ್ಮ."

ಮುಂದಿನ ಸೀಟಿನಲ್ಲಿದ್ದ ನನ್ನ ಗಂಡ, "ಅದು ಇವತ್ತು ಕ್ಲೋಸ್ ಇರುತ್ತೆ" ಎಂದರು.

"ಓಪನ್ ಅಂತ ತೋರಿಸ್ತಿದೆ ಅಪ್ಪ."

"ಪಾರ್ಕಿಂಗ್ ಸಿಗಲ್ಲ. ಲೆಫ್ಟ್ ತಗೊ, ಹಾಕರ್ ಸೆಂಟರ್‌ಗೇ ಹೋಗೋಣ, ಅಲ್ಲಿ ಸಾಲು ಸಾಲು ತಿಂಡಿ ಅಂಗಡಿ ಇದೆ."

ಅವಳು ಲೆಫ್ಟ್ ತೆಗೆದುಕೊಳ್ಳಲಿಲ್ಲ. ಇವರು ಕಿಟಕಿಯ ಕಡೆ ತಿರುಗಿ ಕೂತರು. ಮಗಳು ಕಾರನ್ನು ಎಲ್ಲಾದರೂ ಉಜ್ಜಿಬಿಡುತ್ತಾಳೆಂಬ ಭಯ ಇರಬೇಕು ಎಂದುಕೊಂಡೆ.

ಒಳಗೆ ಕಾಲಿಟ್ಟಾಗ ಅದು ಯಾವ ಜಾಗ ಎಂದೇ ನನಗೆ ತಿಳಿಯಲಿಲ್ಲ. ಗೋಡೆಗೆಲ್ಲ ಬಿದಿರು, ತಾರಸಿಯ ಕೆಳಗೇ ಒಣಹುಲ್ಲಿನ ಇನ್ನೊಂದು ಸೂರು. ಮುಳ್ಳುಮೀನನ್ನು ಒಣಗಿಸಿ ಅದರ ಹೊಟ್ಟೆಯಲ್ಲಿ ದೀಪ ಇಟ್ಟಿದ್ದರು. ಕಂಬ ಕಂಬದಲ್ಲೂ ಹಲ್ಲು ಕಿರಿದ ಮರದ ಮುಖಗಳು. ಇವು ದೇವರೇ ಎಂದು ಮಗಳನ್ನು ಕೇಳಿದೆ. "ಎಲ್ಲೋ ಪೆಸಿಫಿಕ್ ದ್ವೀಪಗಳ ದೇವರನ್ನ ನೋಡಿ ಅಮೆರಿಕದವರು ಬಾರಿಗೆ ಅಂತ ಮಾಡಿಕೊಂಡಿದ್ದು. ಅದನ್ನ ನೋಡಿ ಈ ಬಾರಿನವರು ಮಾಡಿದ್ದು" ಎಂದಳು. ಕೈ ಮುಗಿಯಬೇಕೋ ಬೇಡವೋ ಗೊತ್ತಾಗದೆ ಸೆರಗನ್ನು ಸರಿಮಾಡಿಕೊಂಡೆ. ಸಂಜೆ ಐದೂವರೆ, ನಮ್ಮನ್ನು ಬಿಟ್ಟು ಯಾರೂ ಇರಲಿಲ್ಲ.

ಕೌಂಟರಿನ ಹಿಂದಿನಿಂದ ಎಪ್ಪತ್ತು ದಾಟಿದ ಚೀನೀ ಹೆಂಗಸೊಬ್ಬರು ಬಂದರು. ಹೂವಿನ ಅಂಗಿ, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು. ನಮ್ಮಿಬ್ಬರನ್ನು ದಾಟಿ ಇವರನ್ನು ನೋಡಿ ಕೊನೆಗೆ 'ಲಾ' ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ ಹೇಳಿದರು: "ಅಂಕಲ್, ಇವತ್ತು ಶುಕ್ರವಾರ ಅಲ್ಲ ಲಾ."

ಬೇರೆ ಯಾರೋ ಇಂಡಿಯನ್ ಗಿರಾಕಿ ಎಂದು ತಪ್ಪು ತಿಳಿದಿರಬೇಕು ಎಂದು ನಾನು ನಕ್ಕೆ. ಇವರು ನಗಲಿಲ್ಲ. ಆ ಹೆಂಗಸು ಕೇಳದೆಯೇ ಒಂದು ಮಗ್ ತಂದು ಇವರ ಮುಂದಿಟ್ಟರು. ಅನಾನಸ್ ರಸ, ಮೇಲೆ ಶುಂಠಿ, ಚಿಟಿಕೆ ಉಪ್ಪು. ಇವರು ಮನೆಯಲ್ಲಿ ಕುಡಿಯುವುದೂ ಹಾಗೆಯೇ.

ನನ್ನ ಗಂಡನಿಗೆ ಮನೆಯ ಪಕ್ಕದ ಒನ್-ನಾರ್ತ್‌ನಲ್ಲಿ ಕೆಲಸ. ಶುಕ್ರವಾರ ಸಂಜೆ ಲಂಡನ್ನಿನವರ ಜೊತೆ ಕಾಲ್ ಇರುತ್ತದೆ, ಎಂಟು ಗಂಟೆಯಾಗುತ್ತದೆ ಎಂದು ಎರಡು ವರ್ಷದಿಂದ ಹೇಳುತ್ತ ಬಂದಿದ್ದರು. ನನಗೂ ಅದು ಅನುಕೂಲವೇ. ಶುಕ್ರವಾರ ಮನೆಯಲ್ಲಿ ಮಕ್ಕಳಿಗೆ ಸಂಗೀತ ಪಾಠ ಮಾಡುತ್ತೇನೆ. ಈಗ ತಲೆಯಲ್ಲಿ ಏನೇನೋ ಓಡಿತು. ಕುಡಿತವೇ? ಎದುರಿಗಿರುವುದು ಅನಾನಸ್. ಕೆಲಸ ಹೋಗಿದೆಯೇ? ಮೊನ್ನೆಯಷ್ಟೇ ಆಫೀಸಿನವರು ಮನೆಗೆ ಬಂದು ಊಟ ಮಾಡಿ ಹೋಗಿದ್ದರು. ಮಗಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು.

"ಹಾಡುವವರ ಹೆಂಡತಿ ನೀವೇನಾ?" ಆ ಆಂಟಿ ನನ್ನನ್ನು ಕೇಳಿದರು.

"ಹಾಡೋದು ನಾನು. ಇವರು ಹಾಡಲ್ಲ" ಎಂದೆ.

ಆಂಟಿ ಗೊಂದಲದಿಂದ ಇವರ ಮುಖ ನೋಡಿದರು. ಆಮೇಲೆ ಕೌಂಟರಿನ ಮೇಲೆ ಬೆರಳಿಂದ ತಟ್ಟುತ್ತ ಮೆಲ್ಲಗೆ ಹಾಡಿದರು: ಸಸ ರಿರಿ ಗಗ ಮಮ. ಪಾಠಕ್ಕೆ ಬಂದ ಮಕ್ಕಳಿಗೆ ನಾನು ಮೊದಮೊದಲು ಹೇಳಿಕೊಡುವ ಜಂಟಿ ವರಸೆ. ಗಾಂಧಾರದ ಹತ್ತಿರ ನಾನು ಸ್ವಲ್ಪ ನಿಲ್ಲುತ್ತೇನೆ, ಹಳೆಯ ಅಭ್ಯಾಸ. ಅವರೂ ಅಲ್ಲೇ ನಿಂತರು. ನಾನು ಇವರ ಕಡೆ ತಿರುಗಿದೆ.

"ರೀ, ಏನಿದು?"

"ಒಂದಿನ ಟ್ರೇನಲ್ಲಿ ಸುಮ್ಮನೆ ಕೂತಿದ್ದೆ. ಲಾಸ್ಟ್ ಸ್ಟೇಷನ್ ಇದೇ ಅಲ್ವಾ, ಇಳಿದೆ" ಎಂದರು. "ಈ ಹೊತ್ತಲ್ಲಿ ಇಲ್ಲಿ ಯಾರೂ ಇರಲ್ಲ."

"ಮನೇಲಿ ಯಾಕೆ ಹಾಡಲಿಲ್ಲ?"

"ಒಂದ್ಸಲ ಹಾಡಿದ್ದೆ. ಪಾಠದ ಮಧ್ಯ. ಮಕ್ಕಳು ನಕ್ಕರು. ಶ್ರುತಿ ಹಾಳಾಗ್ತಿದೆ, ಸ್ವಲ್ಪ ಹೊರಗೆ ಹೋಗಿ ಬನ್ನಿ ಅಂದೆ ನೀನು."

ನನಗೆ ಅದು ನೆನಪೇ ಇರಲಿಲ್ಲ. ಹಾಗೆ ಅಂದಿರಲಾರೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಅಂದಿರಬಹುದು ಎಂದೂ ಅನಿಸಿತು. ಪಾಠದ ಹೊತ್ತಿನಲ್ಲಿ ನನ್ನ ಮಾತು ಹಾಗೆಯೇ ಇರುತ್ತದೆ.

"ಹಾಡಪ್ಪ" ಎಂದಳು ಮಗಳು. ಇವರು ಬೇಡವೆಂದರು. ಆಂಟಿ ಫ್ಯಾನ್ ಆರಿಸಿ ಬಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಶುಕ್ರವಾರಗಳಲ್ಲಿ ಹೀಗೇ ನಡೆಯುತ್ತದೆಂದು ಅದರಿಂದಲೇ ಗೊತ್ತಾಯಿತು.

ನಾನು ಮಕ್ಕಳಿಗೆ ಕಲಿಸುವ ಒಂದು ದೇವರನಾಮವನ್ನು ಇವರು ಹಾಡಿದರು. ಪಲ್ಲವಿಯಲ್ಲಿ ಶ್ರುತಿ ಜಾರಿತು, ಚರಣದಲ್ಲಿ ತಾಳ ಒಂದೆರಡು ಕಡೆ ಓಡಿತು. ಆದರೂ ಅದು ಚೆನ್ನಾಗಿತ್ತೋ ಇಲ್ಲವೋ ನನಗೆ ಹೇಳಲಾಗಲಿಲ್ಲ. ಅದೂ ಇಪ್ಪತ್ತು ವರ್ಷ ಪಾಠ ಹೇಳಿದ ನನ್ನ ಕಿವಿಗೆ. ಕಣ್ಣು ಮುಚ್ಚಿ, ಆ ಹಲ್ಲು ಕಿರಿದ ಮರದ ಮುಖಗಳ ನಡುವೆ ಹಾಡುತ್ತಿದ್ದ ಮನುಷ್ಯನನ್ನು ನಾನು ಎಲ್ಲೋ ನೋಡಿದ್ದೇನೆ, ಪರಿಚಯವಿಲ್ಲ ಎಂಬಂತೆ ಇತ್ತು. ಸಿಟ್ಟು ಬಂದಿತ್ತು. ಅಳುವೂ ಬಂದಿತ್ತು. ಆಂಟಿ ಚಪ್ಪಾಳೆ ತಟ್ಟಿ ಫ್ರೈಸ್ ಕರಿಯಲು ಹೋದರು.

ವಾಪಸು ಬರುವಾಗ ಇವರು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು.

"ಎರಡು ವರ್ಷ. ನನಗೆ ಹೇಳಬಾರದಿತ್ತಾ?" ಎಂದೆ.

"ಹೇಳಿದ್ರೆ ನೀನು ತಿದ್ದುತ್ತಿದ್ದೆ."

ತಿದ್ದುತ್ತಿದ್ದೆ, ನಿಜ. ಆಗಲೂ ನನ್ನ ನಾಲಿಗೆಯ ತುದಿಯಲ್ಲಿ ಆ ಜಾರಿದ ಪಲ್ಲವಿಯೇ ಇತ್ತು.

ಈಗ ಶುಕ್ರವಾರ ಲಂಡನ್ನಿನ ಕಾಲ್ ಎಂಬ ನೆಪ ಇಲ್ಲ. ಪಾಸಿರ್ ರಿಸ್‌ಗೆ ಹೋಗಿ ಬರ್ತೀನಿ ಎಂದು ಹೇಳಿಯೇ ಹೋಗುತ್ತಾರೆ. ಕಳೆದ ತಿಂಗಳು ಒಮ್ಮೆ ಚಪ್ಪಲಿ ಹಾಕಿಕೊಳ್ಳುತ್ತ, "ಬರ್ತೀಯಾ?" ಎಂದು ಕೇಳಿದರು. ಪಾಠ ಇದೆಯಲ್ಲ ಎಂದೆ. ಸರಿ ಎಂದು ಬಾಗಿಲು ಎಳೆದುಕೊಂಡರು. ನಾನು ಬರಲಿ ಎಂದು ಕೇಳಿದರೋ, ಬರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕೇಳಿದರೋ, ನನಗೆ ಇನ್ನೂ ತಿಳಿದಿಲ್ಲ.