ಗುರುತು ಹಾಕದ ಫಂಕ್ಷನ್

ನನಗೆ ಸಿಟ್ಟು ಬೇಗ ಬರುತ್ತದೆ, ಆದರೆ ಕೆಲಸವೂ ಚೆನ್ನಾಗಿ ಬರುತ್ತದೆ. ರಾಯಚೂರಿನ ಒಂದು ಮಹಡಿ ಕೋಣೆಯಲ್ಲಿ ಕೂತು, ಲಾರಿ ಟ್ರ್ಯಾಕ್ಟರ್ ತೂಗುವ ವೇಬ್ರಿಡ್ಜ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಸುತ್ತಿನ ಮಿಲ್ಲುಗಳಲ್ಲಿ ಅದು ಓಡುತ್ತಿದೆ, ನಿಲ್ಲದೆ ಓಡುತ್ತಿದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ತೂಕದ ಲೆಕ್ಕವೆಲ್ಲ ಇರುವುದು ಒಂದು ಲೈಬ್ರರಿಯಲ್ಲಿ, ಅಂದರೆ ಫಂಕ್ಷನ್‌ ಎಂಬ ಲೆಕ್ಕದ ತುಣುಕುಗಳನ್ನು ಕಟ್ಟಿಟ್ಟ ಒಂದು ಫೈಲಿನಲ್ಲಿ. ಮಿಲ್ಲಿನ ಪ್ರೋಗ್ರಾಂ ಶುರುವಾಗುವಾಗ ಆ ಲೈಬ್ರರಿಯನ್ನು ಹುಡುಕಿ ಜೋಡಿಸಿಕೊಳ್ಳುತ್ತದೆ. ಒಳಗಿನ ಫಂಕ್ಷನ್‌ಗಳಲ್ಲಿ ಯಾವುವು ಹೊರಗೆ ಕಾಣಬೇಕು ಎಂದು ಒಂದು ಪಟ್ಟಿಯಲ್ಲಿ ಹೇಳಬೇಕು. ಪಟ್ಟಿಯಲ್ಲಿಲ್ಲದ ಫಂಕ್ಷನ್ ಇದ್ದೂ ಇಲ್ಲದಂತೆ. ಮೊದಲು ಅದನ್ನು ಕೈಯಿಂದ ಬರೆಯುತ್ತಿದ್ದೆ. ಬೇಸತ್ತು, ಪಟ್ಟಿಯನ್ನು ತಾನೇ ಬರೆಯುವ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಮಾಡಿದೆ. ಅದು ಲೈಬ್ರರಿಯ ಹೆಸರುಗಳನ್ನೆಲ್ಲ ಓದಿ, ನಮ್ಮ ಗುರುತಿನ ಅಕ್ಷರಗಳಿಂದ ಶುರುವಾಗುವುದನ್ನಷ್ಟೇ ಆರಿಸಿ ಪಟ್ಟಿಗೆ ಹಾಕುತ್ತದೆ. ಈ ಉಪಾಯ ಯಾವ ಪುಸ್ತಕದ್ದೂ ಅಲ್ಲ. ಅರಕೇರಾದಲ್ಲಿ ನಮ್ಮಪ್ಪ ಬೆರೆತ ಕುರಿಹಿಂಡುಗಳನ್ನು ಬೇರೆ ಮಾಡುವುದು ಹೀಗೆಯೇ, ಕಿವಿ ಕೊಯ್ದು ಹಾಕಿದ ಗುರುತು ನೋಡಿ.

ಹೋದ ವರ್ಷ ತಂಗಿ ನನ್ನ ಜೊತೆ ಕೆಲಸಕ್ಕೆ ಬಂದಳು. ಅದಕ್ಕೂ ಮುಂಚೆ ದೇವದುರ್ಗದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಬಂದ ದಿನವೇ ಕಡ್ಡಿ ಮುರಿದಂತೆ ಹೇಳಿದ್ದಳು: “ಈ ಸುಗ್ಗಿಯಾಗ ನಾ ಬರದದ್ದು ನಡದ್ರ ಇರ್ತೀನಿ ಅಕ್ಕ. ಇಲ್ಲಂದ್ರ ಮತ್ತ ಸಾಲಿಗಿ ಹೋಗ್ತೀನಿ.” ಅವಳು ಹೋಗುವುದು ನನಗೆ ಸುತರಾಂ ಬೇಕಿರಲಿಲ್ಲ. ಅವಳಂಥ ತಲೆ ಇನ್ನೊಂದು ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಒಬ್ಬಳೇ ಕೂತು ಕೆಲಸ ಮಾಡಿ ಸಾಕಾಗಿಯೂ ಇತ್ತು.

ಅವಳ ಮೊದಲ ಕೆಲಸ ಮಾನ್ವಿಯ ಒಂದು ರೈಸ್ ಮಿಲ್ಲಿನದು. ಭತ್ತದ ಹಸಿ, ಅಂದರೆ ತೇವ, ಎಷ್ಟಿದೆ ನೋಡಿ ಅಷ್ಟು ತೂಕ ಕಳೆಯಬೇಕು. ಗಬ್ಬೂರಿನ ಅವಳ ಗೆಳತಿ ಅದಕ್ಕೊಂದು ಒಳ್ಳೆ ಫಂಕ್ಷನ್ ಬರೆದಿದ್ದಳು, ಬಳಸಿಕೋ ಎಂದು ಖುಷಿಯಿಂದಲೇ ಕೊಟ್ಟಳು. ತಂಗಿ ಅದನ್ನು ನಮ್ಮ ಲೈಬ್ರರಿಯೊಳಗೆ ಸೇರಿಸಿದಳು. ನಮ್ಮ ಕಂಪ್ಯೂಟರಿನಲ್ಲಿ ಪಟ್ಟಿಯ ಗೊಡವೆಯಿಲ್ಲದೆ ಎಲ್ಲವನ್ನೂ ಒಂದೇ ಕಡೆ ಬೆಸೆದು ಪರೀಕ್ಷೆ ಮಾಡಿದ್ದರಿಂದ ಏನೂ ತಕರಾರು ಬರಲಿಲ್ಲ, ಮಾನ್ವಿಗೆ ಕಳಿಸಿಬಿಟ್ಟೆವು.

ಮರುದಿನ ಬೆಳಿಗ್ಗೆ ಮಿಲ್ಲಿನ ಗುಮಾಸ್ತನ ಫೋನು. “ಮೇಡಂ, ಭತ್ತದ ಗಾಡಿ ಸಾಲಹಚ್ಚಿ ನಿಂತಾವ್ರೀ. ಸ್ಕ್ರೀನ್ ಮ್ಯಾಲ ಏನೋ ಇಂಗ್ಲಿಷ್ ಬಂದು ಕುಂತದ, ಮುಂದ ಹೋಗವಲ್ದು.”

ನೋಡಿದರೆ ಹಸಿ ಕಳೆಯುವ ಫಂಕ್ಷನ್ ಲೈಬ್ರರಿಯಲ್ಲಿದೆ, ಪಟ್ಟಿಯಲ್ಲಿಲ್ಲ. ಹೆಸರಿನ ಮುಂದೆ ನಮ್ಮ ಗುರುತೇ ಇಲ್ಲ. ಗೆಳತಿ ತನ್ನ ಗುರುತು ಹಾಕಿ ಇಟ್ಟ ಹೆಸರು ಹಾಗೇ ಇದೆ.

“ಗುರುತು ಯಾಕ ಹಾಕಿಲ್ಲ?” ಎಂದು ಒದರಿದೆ.

“ಅದು ನಮ್ಮದಲ್ಲಲಾ ಅಕ್ಕ. ಮಂದಿ ಕುರಿ ನಮ್ಮ ಹಿಂಡಿನಾಗ ಮೇದ್ರ ಅಪ್ಪ ಅದರ ಕಿವಿ ಕೊಯ್ತಾನೇನು?”

ಕೊಯ್ಯುವುದಿಲ್ಲ. ಬೀಗರ ಕುರಿಗಳು ವರ್ಷಗಟ್ಟಲೆ ನಮ್ಮ ದೊಡ್ಡಿಯಲ್ಲೇ ಮಲಗಿದರೂ ಅವುಗಳ ಮರಿಗಳಿಗೆ ಬೀಳುವುದು ಬೀಗರ ಗುರುತೇ. ತಮಾಷೆಗೂ ನಮ್ಮದು ಹಾಕುವಂತಿಲ್ಲ, ಹಾಕಿದರೆ ಅದು ಕಳ್ಳತನ. ಕುರಿಯವರ ಮನೆಯಲ್ಲಿ ಬೆಳೆಯದವರು ಈ ತಪ್ಪು ಮಾಡುತ್ತಲೇ ಇರಲಿಲ್ಲ, ಯೋಚಿಸದೆ ಹೆಸರು ಬದಲಿಸಿಬಿಡುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದರೂ ನನ್ನ ಸಿಟ್ಟು ಇಳಿಯಲಿಲ್ಲ.

“ಬರೇ ಒಂದು ಹೆಸರು! ಬದ್ಲಿ ಮಾಡು, ಗಾಡಿ ನಿಂತಾವ.”

“ಒಲ್ಲೆ. ಸರೀ ಅತ್ತಾಗ,” ಎಂದು ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತಳು. ಹೆಸರು ಮುಟ್ಟಲಿಲ್ಲ, ನನ್ನ ಸ್ಕ್ರಿಪ್ಟ್ ತಿದ್ದಿದಳು. ಈಗ ಅದು ನಮ್ಮ ಗುರುತಿನ ಜೊತೆಗೆ ಗೆಳತಿಯ ಗುರುತನ್ನೂ ಆರಿಸುತ್ತದೆ. ಮಿಲ್ಲಿನ ಪ್ರೋಗ್ರಾಂ ಕೇಳುವ ಹೆಸರುಗಳಲ್ಲಿ ಒಂದೇ ಒಂದು ಪಟ್ಟಿಯಲ್ಲಿಲ್ಲದಿದ್ದರೂ, ಲೈಬ್ರರಿ ಮಿಲ್ಲಿಗೆ ಹೋಗುವ ಮೊದಲೇ ಸ್ಕ್ರಿಪ್ಟ್ ನಿಂತು ಕೂಗುತ್ತದೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಸ ಲೈಬ್ರರಿ ಮಾನ್ವಿಗೆ ಹೋಯಿತು. “ಹಾಂ, ತೂಕ ಬಂತ್ರೀ,” ಎಂದ ಗುಮಾಸ್ತ.

ತಂಗಿ ಬುತ್ತಿ ಬಿಚ್ಚಿ ಒಬ್ಬಳೇ ಊಟಕ್ಕೆ ಕೂತಳು. ಅವಳು ಬರೆದದ್ದು ಅವಳ ಲೆಕ್ಕದಲ್ಲಿ ನಡೆಯಿತೋ ಇಲ್ಲವೋ, ಇರುತ್ತಾಳೋ ಸಾಲೆಗೆ ಹೋಗುತ್ತಾಳೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ನಿಜ ಹೇಳುತ್ತೇನೆ, ಹೆದರಿದ್ದೆ.

ಅಷ್ಟರಲ್ಲಿ ದೇವದುರ್ಗದ ಹತ್ತಿ ಮಿಲ್ಲಿನವರು ಫೋನ್ ಮಾಡಿದರು, ಸ್ಪೀಕರಿಗೆ ಹಾಕಿದೆ. “ಹಸಿ ಕಳಿಯೋದು ಮಾನ್ವಿಯಾಗ ಹಾಕೀರಂತಲ್ರೀ, ನಮಗೂ ಅದ ಬೇಕು. ಮುಂದಿನ ಸುಗ್ಗಿಗೂ ನೋಡ್ಕೋಬೇಕು. ಯಾರು ಬರ್ತೀರಿ?”

ನಾನು ತಂಗಿಯ ಮುಖ ನೋಡಿದೆ. ಅವಳು ಕೈ ತೊಳೆದು ಬಂದು ಫೋನ್ ತಗೊಂಡಳು.

“ನಾನ ಬರ್ತೀನ್ರೀ,” ಅಂದಳು. “ಮುಂದಿನ ಸುಗ್ಗಿಗೂ ನಾನ ಇರ್ತೀನಿ.”